ನೆಟ್ಟಗಾದ ಗೋಡೆ

ಬುಧವಾರ, ಮಧ್ಯಾಹ್ನ
ಬೇಕರಿಯಿಂದ

ಫೋನ್ ಎತ್ತದ ಅಣ್ಣನಿಗೆ,

ನಾನು ಚೆನ್ನಾಗಿಲ್ಲ. ನೀನು ಹೇಗಿದ್ದೀಯಾ ಅಂತ ಕೇಳುವಷ್ಟು ತಾಳ್ಮೆಯೂ ಇಲ್ಲ. ಐದು ದಿನದಿಂದ ಫೋನ್ ಮಾಡಿ ಸಾಕಾಗಿ ಈ ಕಾಗದ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿದರೆ ನಿನ್ನ ಮನೆ ಬಾಗಿಲಿಗೇ ಬಂದು, ಬೀದಿಯವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತೇನೆ.

ತೀರ್ಪು ಬಂದಿದೆ. ಬೇಕರಿ ಉಳಿಯಿತು. ನಿನ್ನ ಮೇಸ್ತ್ರಿ ಕೆಲಸದ ಲೈಸೆನ್ಸ್ ಎರಡು ವರ್ಷ ರದ್ದು. ತಕ್ಕದ್ದೇ ಆಯಿತು!

ಎಷ್ಟು ಸಲ ಹೇಳಿದ್ದೆ ನಿನಗೆ? ನಮ್ಮ ಬೀದಿ ವಾಸದ ಮನೆಗಳಿಗೆ ಮಾತ್ರ ಎಂದು ನಗರಸಭೆ ಗೊತ್ತುಮಾಡಿ ಹನ್ನೆರಡು ವರ್ಷವಾಯಿತು. ಅಪ್ಪ ಅದಕ್ಕೂ ಮೊದಲೇ ಒಲೆ ಹಚ್ಚಿದ್ದರಿಂದ ನಮ್ಮನ್ನು ಹಾಗೇ ಬಿಟ್ಟಿದ್ದಾರೆ, ಅಷ್ಟೆ. ಸುಣ್ಣ ಬಳಿಯಬಹುದು, ಛಾವಣಿಯ ತಗಡು ಬದಲಿಸಬಹುದು, ಅನುಮತಿ ಪಡೆದು ಮುಂಭಾಗ ಅಗಲ ಮಾಡಬಹುದು. ಆದರೆ ಹಿಂದಿನ ಗೋಡೆ ಮಾತ್ರ ನಿಂತಿರಲೇಬೇಕು. ಅದು ಬಿದ್ದರೆ ಹೊಸ ಕಟ್ಟಡ ಅಂತ ಲೆಕ್ಕ. ಹೊಸ ಕಟ್ಟಡದಲ್ಲಿ ಬೇಕರಿ ನಡೆಸುವಂತಿಲ್ಲ. ಮುಂಭಾಗದ ಆ ಒಂದು ಅನುಮತಿಗೆ ಹದಿನಾಲ್ಕು ತಿಂಗಳು ಕಚೇರಿಯ ಬೆಂಚು ಸವೆಸಿದವಳು ನಾನು.

ನೀನೋ, ಸೊಟ್ಟ ಗೋಡೆ ಕಂಡರೆ ಊಟ ಸೇರದವನು. ಹಿಟ್ಟು ಕಲಸುವ ಯಂತ್ರ ನೋಡಲು ನಾನು ಮೂರು ದಿನ ಪರವೂರಿಗೆ ಹೋಗಿದ್ದೇ ತಡ, ಹಿಂದಿನ ಗೋಡೆ ಕೆಡವಿ, ಅದೇ ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದೆ. ಹಳೆಯದರಂತೆ ಕಾಣಲೆಂದು ಒಲೆಯ ಮಸಿ ಬೇರೆ ಬಳಿದೆ. ಮಸಿ ಬಳಿಯುವ ಬುದ್ಧಿ ಇದ್ದವನಿಗೆ ಸೊಟ್ಟಗೆ ಕಟ್ಟುವ ಬುದ್ಧಿ ಬರಬಾರದಿತ್ತೇ? ನಗರಸಭೆಯಿಂದ ತಪಾಸಣೆಗೆ ಬಂದವನು ಹಳೆಯ ನಕ್ಷೆ ಬಿಚ್ಚಿ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟ. ಗೋಡೆ ಮೂರು ಇಂಚು ವಾಲಿದೆ ಎಂದು ನಕ್ಷೆಯಲ್ಲಿತ್ತು. ನಿನ್ನದು ಕೂದಲೆಳೆಯಷ್ಟೂ ವಾಲಿರಲಿಲ್ಲ. ಮುದಿ ಗೋಡೆಗೆ ಬೆನ್ನು ನೆಟ್ಟಗಾಗೋ ಔಷಧಿ ಏನ್ ಕೊಟ್ರಮ್ಮಾ ಅಂತ ಕೇಳಿದ. ಅವಮಾನದಿಂದ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಯ ದಿನ ನಗರಸಭೆಯ ಸಮಿತಿಯವರು ಕೇಳಿದ್ದು ಒಂದೇ ಪ್ರಶ್ನೆ: ಕೆಡವಿದ್ದು ಮಾಲೀಕರಿಗೆ ಗೊತ್ತಿತ್ತೋ, ಇಲ್ಲವೋ? ಗೊತ್ತಿದ್ದರೆ ಬೇಕರಿ ಮುಚ್ಚಬೇಕು. ಇಲ್ಲದಿದ್ದರೆ ತಪ್ಪು ಮೇಸ್ತ್ರಿಯದು. ಗೊತ್ತಿರಲಿಲ್ಲ ಅಂದೆ. ನೀನೂ ತಲೆ ತಗ್ಗಿಸಿಕೊಂಡು, ಅವಳಿಗೇನೂ ಗೊತ್ತಿಲ್ಲ ಸಾರ್, ಎಲ್ಲಾ ನಂದೇ ಅಂದುಬಿಟ್ಟೆ. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದೆ.

ನಿನ್ನೆ ಅತ್ತಿಗೆ ಬಂದಿದ್ದರು. ನೀನೀಗ ಬೇರೆ ಮೇಸ್ತ್ರಿಯ ಕೈಕೆಳಗೆ ಮರಳು ಹೊರಲು ಹೋಗುತ್ತಿದ್ದೀಯಂತೆ. ಇಪ್ಪತ್ತಾರು ವರ್ಷ ಕರಣೆ ಹಿಡಿದ ಕೈ! ನಾಚಿಕೆಯಾಗುವುದಿಲ್ಲವೇ ನಿನಗೆ? ಅತ್ತಿಗೆ ನನಗೆ ಒಂದು ಮಾತೂ ಬಯ್ಯಲಿಲ್ಲ, ಬ್ರೆಡ್ ತೆಗೆದುಕೊಂಡು ಸುಮ್ಮನೆ ಹೋದರು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಎರಡು ತಟ್ಟೆ ಬನ್ನು ಸೀದುಹೋದವು. ಅದೂ ನಿನ್ನಿಂದಲೇ.

ನಿನ್ನ ಮೇಲೆ ಕೆಂಡ ಕಾರುತ್ತಿರುವ
ತಂಗಿ

ತಾ.ಕ.: ಸಹಿ ಹಾಕಿದ ಮೇಲೆ ಕಾಗದ ಮಡಚಲು ಕೈ ಬರಲಿಲ್ಲ. ಯಂತ್ರದ ಅಂಗಡಿಯಲ್ಲಿದ್ದಾಗ ನೀನು ಫೋನ್ ಮಾಡಿದ್ದೆ. ಗೋಡೆ ಬಿರುಕು ಬಿಟ್ಟಿದೆ ಕಣೇ, ಒಲೆ ಹತ್ರ ನಿಂತಿರೋವಾಗ ನಿನ್ ಮೇಲೇ ಬೀಳುತ್ತೆ, ಕೆಡವಲಾ ಅಂತ ಕೇಳಿದ್ದೆ. ಕೆಡವು, ಯಾರಿಗೂ ಗೊತ್ತಾಗಬಾರದು ಅಂದವಳು ನಾನೇ. ಮಸಿ ಬಳಿ ಅಂದವಳೂ ನಾನೇ. ಇಷ್ಟನ್ನೂ ಬೇರೆ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಈಗಷ್ಟೇ ಸಮಿತಿಗೆ ಕೊಟ್ಟು ಬಂದೆ. ತಡೆಯುತ್ತೇನೆ ಅಂತ ಓಡಿ ಬರಬೇಡ. ಒಲೆ ಆರಿಸಿಯೇ ಹೋಗಿದ್ದೆ.