ಹುಡುಕಿದರೆ ಮೊದಲು ನಾವೇ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಕೆಲಸ. ನಮ್ಮ ವೆಬ್‌ಸೈಟಿನ ಹಳೆಯ ಪುಟದ ವಿಳಾಸ, ಅದರೆದುರು ಹೊಸ ಪುಟದ ವಿಳಾಸ. ‘ಮಗು ಸೀಮೆಎಣ್ಣೆ ಕುಡಿದರೆ’, ‘ಫಿನಾಯಿಲ್ ಕುಡಿದರೆ’, ‘ಅಜ್ಜಿಯ ಬಿಪಿ ಮಾತ್ರೆ ನುಂಗಿದರೆ’... ಒಂದು ಬಿಟ್ಟುಹೋದರೂ ಆ ಪುಟ ಗೂಗಲ್ ಪಾಲಿಗೆ ಸತ್ತ ಹಾಗೆ.

ಸೈಟ್ ಬದಲಿಸದೆ ಗತಿಯಿಲ್ಲ. ಹಳೆಯ ಸಾಫ್ಟ್‌ವೇರ್‌ಗೆ ಈಗ ಹೇಳುವವರು ಕೇಳುವವರು ಯಾರೂ ಇಲ್ಲ. ಹೋದ ತಿಂಗಳು ಯಾರೋ ಒಳನುಗ್ಗಿ ನಮ್ಮ ಪುಟಗಳ ತುಂಬ ಕೂದಲೆಣ್ಣೆ ಜಾಹೀರಾತು ತುರುಕಿದ್ದರು. ಬದಲಿಸುವುದಕ್ಕೂ ಭಯ. ಈಗ ಯಾವ ತಾಯಿ ಗಾಬರಿಯಲ್ಲಿ ಹುಡುಕಿದರೂ ಮೊದಲು ಕಾಣುವುದು ನಮ್ಮ ವಿಷ ಸಹಾಯವಾಣಿ. ನಮ್ಮ ಕೆಳಗಿರುವ ಸೈಟು ‘ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ’ ಎನ್ನುತ್ತದೆ. ಮಾಡಲೇಬಾರದ ಕೆಲಸ ಅದು. ನಾವು ಜಾರಿದರೆ ಅದು ಮೇಲೆ.

ಸಿಸ್ಟರ್ ನಗುತ್ತಾರೆ. ನಿವೃತ್ತ ನರ್ಸ್, ಬರುವ ಕರೆಗಳನ್ನೆಲ್ಲ ಎತ್ತುವವರು ಅವರೇ.

“ಏನಮ್ಮ ಕಂಪ್ಯೂಟರಮ್ಮ, ಹೊಸ ಮನೆಗೆ ಹೋಗೋಕೆ ಇಷ್ಟೊಂದು ಬೆವರ್ತಾರಾ?”

“ಹೋಗೋದಲ್ಲ ಸಿಸ್ಟರ್, ಬರೋರಿಗೆ ದಾರಿ ತಪ್ಪಬಾರದು.”

ಮಾರ್ಚ್ 5, ಬುಧವಾರ

ಬೈಸಿಕೊಂಡೆ. ಹೊಸ ಸೈಟಿನಲ್ಲಿ ಒಂದು ದೊಡ್ಡ ಕೆಂಪು ಬಟನ್ ಬೇಕೆಂದವರೇ ಸಿಸ್ಟರ್. ಕೈ ನಡುಗುವವರು ನಂಬರ್ ಒತ್ತುತ್ತಾ ಕೂರಬಾರದು, ಬಟನ್ ಮುಟ್ಟಿದರೆ ಕರೆ ಹೋಗಬೇಕು. ಅದನ್ನು ಪರೀಕ್ಷಿಸಲು ಎರಡು ಮೂರು ಸಲ ಒತ್ತಿದೆ. ಪಕ್ಕದ ಕೋಣೆಯಿಂದ ಎದ್ದೇ ಬಂದರು.

“ಇರೋದು ಒಂದೇ ಲೈನು. ನೀನು ಆಟ ಆಡ್ತಿರುವಾಗ ಅಲ್ಲಿ ಯಾರ ಮಗುವೋ ಒದ್ದಾಡ್ತಿದ್ರೆ?”

ನಾಚಿಕೆಯಾಯಿತು. ಜನರಿಗೆ ಇನ್ನೂ ತೆರೆಯದ ಪ್ರಯೋಗದ ಸೈಟಿನ ಬಟನ್‌ಗೆ ನನ್ನ ಮೊಬೈಲ್ ನಂಬರನ್ನೇ ಹಾಕಿಬಿಟ್ಟೆ. ಇನ್ನು ಎಷ್ಟು ಒತ್ತಿದರೂ ನನಗೇ ಕಾಟ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 10

ಸೈಟ್ ಬದಲಾಯಿಸಿದೆ. ಹಳೆಯ ವಿಳಾಸ ಒಂದೊಂದನ್ನೂ ಒತ್ತಿ ನೋಡುತ್ತಿದ್ದೇನೆ. ಎಲ್ಲವೂ ಹೊಸ ಪುಟಕ್ಕೇ ಹೋಗುತ್ತಿವೆ. ಶೀರ್ಷಿಕೆ ಸರಿ, ಮಾತು ಸರಿ. ಪುಟದ ಕೊನೆಯಲ್ಲಿರುವ ಫೋನ್ ನಂಬರೂ ಸರಿ.

ಮಧ್ಯಾಹ್ನ 12

ಕೆಂಪು ಬಟನ್ನನ್ನು ಒಂದೇ ಒಂದು ಸಲ, ಹೆದರುತ್ತಲೇ, ನನ್ನ ಮೊಬೈಲಿನಿಂದ ಒತ್ತಿದೆ. ಬಿಜಿ ಬಂತು. ಒಳ್ಳೆಯದೇ, ಅತ್ತ ಯಾರೋ ಮಾತಾಡುತ್ತಿದ್ದಾರೆ. ತಕ್ಷಣ ಕಟ್ ಮಾಡಿದೆ. ಮತ್ತೆ ಬೈಸಿಕೊಳ್ಳುವ ಧೈರ್ಯವಿಲ್ಲ.

ಮಾರ್ಚ್ 10, ಸೋಮವಾರ

ಸೀಮೆಎಣ್ಣೆ ಪುಟ ನಾಲ್ಕನೆಯ ಸ್ಥಾನಕ್ಕೆ ಬಿದ್ದಿದೆ. ಉಪ್ಪುನೀರಿನವರು ಮೇಲೆ ಕೂತಿದ್ದಾರೆ. ಗೂಗಲ್ ಹೊಸ ಪುಟಗಳನ್ನೆಲ್ಲ ಓದಿ ಮುಗಿಸುವವರೆಗೆ ಹೀಗೆ ಏರುಪೇರು ಇರುತ್ತದೆ, ಗೊತ್ತು. ಗೊತ್ತಿದ್ದರೂ ಗಳಿಗೆಗೊಮ್ಮೆ ಹುಡುಕಿ ನೋಡುತ್ತಿದ್ದೇನೆ.

ಊಟದ ಹೊತ್ತಿಗೆ ನನ್ನ ಮೊಬೈಲು ಮೇಜಿನ ಮೇಲೆ ಗುರುಗುಟ್ಟುತ್ತಲೇ ಇತ್ತು. ಗುರುತಿಲ್ಲದ ನಂಬರು.

“ಎತ್ತಬಾರದೇನೇ?” ಅಂದಳು ಅಮ್ಮ.

“ಸಾಲ ಬೇಕಾ, ಕಾರ್ಡ್ ಬೇಕಾ ಅನ್ನೋರು ಅಮ್ಮ. ಎತ್ತಿದ್ರೆ ಬಿಡಲ್ಲ.”

ಸೈಲೆಂಟ್‌ಗೆ ಹಾಕಿದೆ. ಈ ವಾರ ಅವರ ಹಾವಳಿ ವಿಪರೀತ.

ಮಾರ್ಚ್ 13, ಗುರುವಾರ

ಮತ್ತೆ ಮೊದಲ ಸ್ಥಾನ! ಸೀಮೆಎಣ್ಣೆ, ಫಿನಾಯಿಲ್, ಮಾತ್ರೆ — ಎಲ್ಲದರಲ್ಲೂ ನಾವೇ. ಹೋದ ಜೀವ ಬಂದಂತಾಯಿತು. ಸಹಾಯವಾಣಿ ನಡೆಸುವ ಟ್ರಸ್ಟಿನ ಡಾಕ್ಟರಿಗೆ ತೋರಿಸಿದೆ. ಕೆಂಪು ಬಟನ್ ಒತ್ತುವವರೂ ದಿನದಿನಕ್ಕೆ ಹೆಚ್ಚುತ್ತಿದ್ದಾರೆ. “ಭೇಷ್” ಅಂದರು. ಅವರು ಹಾಗೆ ಅನ್ನುವುದು ಅಪರೂಪ.

ತೋರಿಸುತ್ತಿರುವಾಗಲೇ ಆ ಸಾಲದವರು ಬಿಟ್ಟೂ ಬಿಡದೆ ಕರೆ ಮಾಡಿದರು. ಒಂದೇ ನಂಬರು, ಕಟ್ ಮಾಡಿದರೆ ಮತ್ತೆ, ಮತ್ತೆ. ಇವರಿಗೆ ಮಾನ ಮರ್ಯಾದೆ ಏನೂ ಇಲ್ಲ. ಫೋನನ್ನೇ ಆಫ್ ಮಾಡಿದೆ.

ಸಿಸ್ಟರ್ ಸ್ವೆಟರ್ ಹೆಣೆಯುತ್ತಿದ್ದರು. ತೋಳು ಆಗಲೇ ಮುಗಿದಿದೆ. ಇಷ್ಟು ಬೇಗ ಮುಗಿದದ್ದು ನಾನು ಕಂಡಿಲ್ಲ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 11

ಸಿಸ್ಟರ್ ನನ್ನ ಕುರ್ಚಿ ಪಕ್ಕ ಬಂದು ನಿಂತರು. ತಮಾಷೆ ಇರಲಿಲ್ಲ.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಫೋನೇ ಬರ್ತಿಲ್ಲ ಕಣಮ್ಮ. ಪರಿಚಯದ ಆಸ್ಪತ್ರೆಯವರು ಮಾಡ್ತಾರೆ ಅಷ್ಟೆ. ತಾಯಂದಿರು ಮಾಡ್ತಿಲ್ಲ. ಜನ ನಮ್ಮನ್ನ ಹುಡುಕ್ತಿಲ್ವಾ?”

“ಹುಡುಕ್ತಿದ್ದಾರೆ ಸಿಸ್ಟರ್. ಮೊದಲು ಕಾಣೋದೂ ನಾವೇ. ಬಟನ್ನೂ ಒತ್ತುತ್ತಿದ್ದಾರೆ, ನೋಡಿ.”

“ಒತ್ತಿದ್ರೆ ಕರೆ ಎಲ್ಲಿಗೆ ಹೋಗ್ತಿದೆ ಹಾಗಾದ್ರೆ?”

ಅಷ್ಟರಲ್ಲಿ ಮೇಜಿನ ಮೇಲೆ ನನ್ನ ಮೊಬೈಲು ಮಿನುಗಿತು. ಗುರುತಿಲ್ಲದ ನಂಬರು.

ಎತ್ತಿದೆ. “ಮೇಡಂ, ಪಾಪು ಇಲಿ ಪಾಷಾಣ ಬಾಯಿಗೆ ಹಾಕ್ಕೊಂಡಿದೆ...” ಸಿಸ್ಟರ್ ಫೋನ್ ಕಿತ್ತುಕೊಂಡರು.

12

ಬಟನ್ ಸರಿಪಡಿಸಿದೆ. ಒಂದು ಸಾಲು ಅಷ್ಟೆ. ಪ್ರಯೋಗದ ಸೈಟಿನಿಂದ ನನ್ನ ನಂಬರು ಹಾಗೇ ಜೊತೆಯಲ್ಲಿ ಬಂದಿತ್ತು. ಬಟನ್ ಮೇಲೆ ‘ಕರೆ ಮಾಡಿ’ ಎಂದಷ್ಟೇ ಇದೆ, ಅಂಕಿ ಕಾಣುವುದಿಲ್ಲ. ಅವತ್ತು ಬಿಜಿ ಬಂದದ್ದು ನನ್ನ ಫೋನಿಗೆ ನಾನೇ ಕರೆ ಮಾಡಿದ್ದರಿಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ. ಮೊದಲ ಸ್ಥಾನ, ಮೊದಲ ಸ್ಥಾನ ಅಂತ ಜಪ ಮಾಡಿದೆ. ಮೊದಲು ಸಿಕ್ಕಿದ್ದಕ್ಕೇ ಅವರೆಲ್ಲ ನನ್ನನ್ನು ನಂಬಿ ಒತ್ತಿದರು.

ಅಳು ಬಂತು. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಳೋದು ಆಮೇಲೆ. ಎತ್ತದೆ ಬಿಟ್ಟ ನಂಬರಿಗೆಲ್ಲ ಒಂದೊಂದಾಗಿ ಫೋನ್ ಮಾಡು. ಮಗು ಹೇಗಿದೆ ಅಂತ ಕೇಳು, ಅಷ್ಟೆ. ನೆಪ ಹೇಳ್ಬೇಡ.”

ಈಗ ಅವರ ಕೋಣೆಯಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ.

3.30

ಒಬ್ಬ ತಂದೆ — “ಆವತ್ತೇ ಆಸ್ಪತ್ರೆಗೆ ಓಡಿದ್ವಿ, ಈಗ ಹುಷಾರು. ನಿಮ್ಮನ್ನ ಕಾಯ್ತಾ ಕೂತಿದ್ರೆ ಆಗ್ತಿತ್ತು ನಮ್ಮ ಕಥೆ.” ಇನ್ನೊಬ್ಬರು ಸಹಾಯವಾಣಿಯ ಹೆಸರು ಕೇಳಿದ ಕೂಡಲೇ ಫೋನ್ ಇಟ್ಟರು. ಒಬ್ಬ ನಿಜವಾಗಿಯೂ ಸಾಲ ಕೊಡುವವನೇ. ಖುಷಿಯಿಂದ ಥ್ಯಾಂಕ್ಸ್ ಹೇಳಿಬಿಟ್ಟೆ, ಪಾಪ ಗಲಿಬಿಲಿಯಾದ. ಒಬ್ಬ ಅಜ್ಜಿ — “ಏನೂ ಆಗ್ಲಿಲ್ಲ ಮಗಾ, ಉಗುಳಿಬಿಡ್ತು.” ಅವರ ಕಾಲಿಗೆ ಬೀಳಬೇಕೆನಿಸಿತು.

5

ಎಲ್ಲ ಆಯಿತು. ಒಂದು ಉಳಿದಿದೆ. ಗುರುವಾರದ ನಂಬರು. ಡಾಕ್ಟರ ಮುಂದೆ ನಾನು ಕಟ್ ಮಾಡಿದ್ದು, ಕಟ್ ಮಾಡಿದ್ದು, ಆಮೇಲೆ ಫೋನನ್ನೇ ಆಫ್ ಮಾಡಿದ್ದು. ಮಧ್ಯಾಹ್ನದಿಂದ ಮಾಡುತ್ತಿದ್ದೇನೆ. ಸ್ವಿಚ್ ಆಫ್.

ಅವರು ಕೊನೆಗೆ ನಮ್ಮ ಕೆಳಗಿನ ಸೈಟನ್ನು ತೆರೆದಿರಬಹುದು. ಉಪ್ಪುನೀರು... ಬೇಡ. ಯೋಚಿಸಬಾರದು.

5.20

ರಿಂಗ್ ಆಗುತ್ತಿದೆ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ. ಇನ್ನೂ ರಿಂಗ್... ಎತ್ತಿದರು. ಹೆಂಗಸಿನ ದನಿ. ಹಿಂದೆ ಮನೆಯಲ್ಲಿ ಏನೂ ಸದ್ದಿಲ್ಲ. “ಯಾರು?” ಅನ್ನುತ್ತಿದ್ದಾರೆ. ನಾನು —