ಐದು ಸೋಮವಾರ ಮುಚ್ಚಬಾರದ ವಿಭೂತಿ

ವಲಾಂಡಿ,
ಸೋಮವಾರ, ಮಧ್ಯಾಹ್ನ

ಗೆಳೆಯ ಬಸವಕುಮಾರನಿಗೆ,

ನೀನಿದ್ದಾಗ ನಿನಗೆ ಒಂದು ಚೀಟಿಯನ್ನೂ ಬರೆದವನಲ್ಲ. ಎರಡು ಮನೆ ಆಚೆ ಇರುವವನಿಗೆ ಎಂಥ ಕಾಗದ? ನೀನು ಲಿಂಗೈಕ್ಯನಾಗಿ ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಿನ್ನನ್ನು ಕೊಂದವನು ನಾನು. ಈ ಊರಿನಲ್ಲಿ ಯಾರೂ ಇದನ್ನು ಒಪ್ಪುತ್ತಿಲ್ಲ, ನೀನಾದರೂ ಒಪ್ಪು.

ಹೊಸ ಗಾಡಿ ತಂದ ದಿನ ನೆನಪಿದೆಯಲ್ಲ. ಸುತ್ತ ಹಲಗೆಗಳಿಲ್ಲದ ಬಯಲು ಲಾರಿ, ಉದಗೀರದಿಂದ ಕಬ್ಬಿಣದ ಸರಳು ಹೇರಲಿಕ್ಕೆಂದೇ ಕೊಂಡದ್ದು. ಕ್ಯಾಬಿನ್ನಿನ ಬೆನ್ನಿಗೆ ಕೂರಿಸುವ ದಪ್ಪ ಕಬ್ಬಿಣದ ಜಾಳಿಯನ್ನೂ ನೀನು ಮಾಡಿಸಿ ತಂದಿದ್ದೆ. "ಏನೋ ಇದು ಪಂಜರ? ಒಳಗ ಹುಲಿ ಕೂಡ್ತದೇನು?" ಎಂದು ನಾನು ಚೇಷ್ಟೆ ಮಾಡಿದೆ. ನೀನು ನಗಲಿಲ್ಲ. "ನಗಬ್ಯಾಡ್ರಿ ಅಯ್ಯನೋರ. ಬ್ರೇಕ್ ಹೊಡದ್ರ ಗಾಡಿ ನಿಂದರ್ತದ, ಸಳಿ ನಿಂದ್ರಂಗಿಲ್ಲ. ಸೀದಾ ಬೆನ್ನಿಗೇ ಬರ್ತಾವ" ಎಂದೆ. ಶಾಲೆಯಲ್ಲಿ ನನ್ನ ಕಿವಿ ಹಿಂಡಿದವನು ನೀನು, ಪೂಜೆಗೆ ಕರೆದ ದಿನ ಮಾತ್ರ 'ರೀ' ಹಚ್ಚಿ ಮಾತಾಡುತ್ತಿದ್ದೆ.

ನಾನು ಚಕ್ರ, ಎಂಜಿನ್, ಸ್ಟೇರಿಂಗ್ ಎಲ್ಲಕ್ಕೂ ವಿಭೂತಿ ಹಚ್ಚಿ, ಕೊನೆಗೆ ಕ್ಯಾಬಿನ್ನಿನ ಬೆನ್ನಿಗೆ ಮೂರು ಬೆರಳಿನಿಂದ ಅಗಲಕ್ಕೆ ಎಳೆದೆ. ಎಷ್ಟು ಚೆಂದ ಬಂದಿತ್ತು! ದಾರಿಹೋಕರು ನಿಂತು ನೋಡಿದರು. ಅದರ ಮೇಲೆಯೇ ಜಾಳಿ ಕೂರಿಸಲು ನೀನು ಬಂದಾಗ ನನಗೆ ಮೈ ಉರಿಯಿತು. "ಐದು ಸೋಮವಾರ ಆಗೂತನಕ ಇಭೂತಿ ಮುಚ್ಚಬಾರದೋ" ಎಂದುಬಿಟ್ಟೆ. ಯಾವ ಶಾಸ್ತ್ರದಲ್ಲೂ ಇಲ್ಲದ್ದು. ಅಪ್ಪ ಹೇಳಿದ್ದಲ್ಲ, ಮಠದಲ್ಲಿ ಕೇಳಿದ್ದಲ್ಲ. ಬಾಯಿಗೆ ಬಂದದ್ದು, ಅಷ್ಟೇ. ನೀನು ಒಂದು ಗಳಿಗೆ ನನ್ನ ಮುಖ ನೋಡಿ, ಜಾಳಿಯನ್ನು ಬೇವಿನ ಮರಕ್ಕೆ ಆನಿಸಿಟ್ಟೆ.

ಮೂರನೆಯ ಸೋಮವಾರ ಮುಗಿದು ಬಂದ ಗುರುವಾರ, ನಿಲಂಗಾ ದಾಟಿ ಉಮರಗಾ ದಾರಿಯಲ್ಲಿ ಎಮ್ಮೆ ಅಡ್ಡ ಬಂತು. ನೀನು ಬ್ರೇಕ್ ಹಾಕಿದೆ. ಎಮ್ಮೆ ಉಳಿಯಿತು. ಸರಳುಗಳು ನನ್ನ ವಿಭೂತಿಯನ್ನು ಸೀಳಿಕೊಂಡು ಒಳಗೆ ಬಂದವು.

ನಿನ್ನ ತಮ್ಮ ಓಂಪ್ರಕಾಶ ಗಾಡಿಗೆ ಹೊಸ ಕ್ಯಾಬಿನ್ ಕೂರಿಸಿದ್ದಾನೆ. ಇಂದು ಪೂಜೆಗೆ ಮತ್ತೆ ನನ್ನನ್ನೇ ಕರೆದರು. ಹೋದೆ, ವಿಭೂತಿ ಮುಟ್ಟಲಿಲ್ಲ. ನಿನ್ನ ಹೆಂಡತಿ ಸಾರಿಕಾಳ ಎದುರು ಹೇಳಿಯೇಬಿಟ್ಟೆ: "ತಂಗಿ, ಆ ಐದು ಸೋಮವಾರದ ಮಾತು ನಾ ಹುಟ್ಟಿಸಿದ್ದು, ಸುಳ್ಳು. ಮೊದಲ ಜಾಳಿ ಕೂಡಸ್ರಿ." ಚಪ್ಪಲಿ ತಗೊಂಡು ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಆಕೆ ನನ್ನ ಕಾಲಿಗೆ ಬಿದ್ದಳು. "ದುಃಖದಾಗ ಹಂಗಂತೀರಿ ಅಯ್ಯನೋರ. ಸಾಯೂ ಹಿಂದಿನ ದಿನಾನೇ ಅವರು ಜಾಳಿ ಕೂಡಸಾಕ ಕ್ಯಾಬಿನ್ನಿಗೆ ತೂತು ಕೊರಸಿದ್ರು. ನಾನೇ ಕೈ ಹಿಡದು ನಿಲ್ಲಿಸ್ದೆ. ಇಭೂತಿಗೆ ತೂತು ಬಿತ್ತಲ್ಲ, ಅದಕ್ಕ ಹಿಂಗಾತು. ಈ ಸಲ ಐದೂ ಪೂರಾ ಮಾಡ್ತೀವ್ರಿ."

ನಿನಗೆ ಸರಳುಗಳ ಹೆದರಿಕೆ ಹೋಗಿರಲಿಲ್ಲ ಅನ್ನುವುದು ನನಗೆ ಆಗ ತಿಳಿಯಿತು, ಗೆಳೆಯಾ. ನನ್ನ ಮಾತು ಮೀರಲು ಹೊರಟಿದ್ದೆಯಲ್ಲೋ, ಆಕೆಯ ಕೈ ಬಿಡಿಸಿಕೊಂಡು ಮೀರಿಬಿಡಬಾರದಿತ್ತೇ!

ನಾನು ಗಾಡಿಯ ಮುಂದೆ ಅಡ್ಡ ನಿಂತೆ. ಓಂಪ್ರಕಾಶ ನನ್ನನ್ನು ರಟ್ಟೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಮೂರು ಬೆರಳು ಎಳೆದು, ಸರಳು ಹೇರಲು ಉದಗೀರಕ್ಕೆ ಹೋದ. ಜಾಳಿ ಇನ್ನೂ ಬೇವಿನ ಮರಕ್ಕೇ ಆನಿಸಿದೆ. ಅದರ ಮೇಲೆ ಸಾರಿಕಾ ಅವನ ಅಂಗಿ ಒಣಗಹಾಕಿದ್ದಾಳೆ.

ಇಂದು ಮೊದಲ ಸೋಮವಾರ. ಹರಸುವ ಬಾಯಿ ನನ್ನದಾಗಿ ಉಳಿದಿಲ್ಲ. ನಿನ್ನ ಕೈಲಾದರೆ ನೀನೇ ಹೋಗಿ ಅವನ ಬೆನ್ನ ಹಿಂದೆ ನಿಂತುಕೋ.

ಶರಣು.
ನಿನ್ನ ಗುರುಬಸಯ್ಯ