ಅಪ್ಪನ ಹೆಸರು ಹೇಳಿದ ಭಾನುವಾರ

ಗಾಲ್ದೋ ದ್ವೀಪ
೨೭ ನವೆಂಬರ್ ೧೯೭೮, ಸೋಮವಾರ

ಪ್ರೀತಿಯ ಯೋನ್‌ಶಿಲ್ ಅಕ್ಕಾ,

ಆರೋಗ್ಯವಾಗಿದ್ದೀಯಾ? ಆಸ್ಪತ್ರೆಯಲ್ಲಿ ಆ ದಪ್ಪ ಜರ್ಮನ್ ಮುದುಕರನ್ನು ಎತ್ತಿ ಎತ್ತಿ ಹಿಡಿದುಕೊಂಡ ಸೊಂಟ ಈಗ ಹೇಗಿದೆ? ನೀನು ಕಳಿಸಿದ ಮುಲಾಮನ್ನು ಅಮ್ಮ ಮೊಣಕಾಲಿಗೆ ಹಚ್ಚಿಕೊಳ್ಳುತ್ತಾಳೆ. ಅರ್ಧ ಡಬ್ಬಿ ನಮ್ಮ ಅತ್ತೆಯ ಪಾಲಾಯಿತು. ಈ ವರ್ಷದ ಕಿಮ್ಚಿಗೆ ನೂರಿಪ್ಪತ್ತು ಕೋಸಿಗೆ ಉಪ್ಪು ಹಾಕಿದೆವು, ನನ್ನ ಬೆರಳೆಲ್ಲ ಬಿರಿದಿವೆ. ಕ್ಷೇಮಸಮಾಚಾರ ಇಷ್ಟು ಸಾಕು. ನನಗೆ ವಿಪರೀತ ಸಿಟ್ಟು ಬಂದಿದೆ, ಅಕ್ಕಾ. ನಿನ್ನಿಂದಲೇ ಶುರುಮಾಡುತ್ತೇನೆ.

ಪ್ಯೊ ದಾಲ್‌ಗುನ್ ಊರಿಗೆ ವಾಪಸು ಬಂದಿದ್ದಾನೆ, ನಮ್ಮ ಚರ್ಚಿನಲ್ಲೇ ದೀಕ್ಷಾಸ್ನಾನ ತೆಗೆದುಕೊಂಡಿದ್ದಾನೆ ಎಂದು ನಾನು ನಾಲ್ಕು ಹಾಳೆ ಬರೆದರೆ ನೀನು ಉತ್ತರಿಸಿದ್ದು ಒಂದು ಕಾರ್ಡಿನಲ್ಲಿ, ಅದೂ ಹಂಸಗಳ ಚಿತ್ರದ ಕಾರ್ಡಿನಲ್ಲಿ. "ಹಳೆಯದನ್ನೆಲ್ಲ ಶಿಲುಬೆಯ ಬುಡದಲ್ಲಿ ಬಿಟ್ಟುಬಿಡು, ನಾನು ಯಾವತ್ತೋ ಬಿಟ್ಟಿದ್ದೇನೆ" ಅಂತೆ. ಯಾವುದು ಹಳೆಯದು? ಯುದ್ಧದ ಆ ಶರತ್ಕಾಲದಲ್ಲಿ ಕೋವಿ ಹಿಡಿದವರು ಪಟ್ಟಿ ಮಾಡಿಕೊಂಡು ದ್ವೀಪಕ್ಕೆ ಬಂದದ್ದು (ಯಾವ ಕಡೆಯವರೆಂದು ಬರೆಯುವುದಿಲ್ಲ, ಈ ಕಾಗದವನ್ನು ಯಾರು ಯಾರು ಒಡೆಯುತ್ತಾರೋ), ಅಪ್ಪ ಉಪ್ಪಿನ ಕೊಟ್ಟಿಗೆಯಲ್ಲಿ ಆರು ದಿನ ಅಡಗಿದ್ದದ್ದು, ಹದಿನೇಳರ ದಾಲ್‌ಗುನ್ ಬಂದು ಆ ಕೊಟ್ಟಿಗೆಗೆ ಬೆರಳು ತೋರಿಸಿದ್ದು, ಅಪ್ಪನನ್ನು ಕಡಲಂಚಿಗೆ ನಡೆಸಿಕೊಂಡು ಹೋದದ್ದು. ನನಗಾಗ ಒಂಬತ್ತು, ನಿನಗೆ ಹದಿನೈದು. ಇದು ನಿನಗೆ ಹಂಸಗಳ ಹಿಂದೆ ಹಿಡಿಸುವಷ್ಟು ಸಣ್ಣದಾಯಿತೇ?

ಮೂರು ವಾರದ ಹಿಂದೆ ಅವನು ಆರಾಧನೆಯಲ್ಲಿ ಸಾಕ್ಷಿ ಹೇಳಲು ಎದ್ದ. ತಲೆ ಪೂರ್ತಿ ನೆರೆತಿದೆ, ಒಂದು ಕಾಲು ಎಳೆಯುತ್ತದೆ. ತಾನು ದೊಡ್ಡ ಪಾಪಿಯಾಗಿದ್ದೆ, ಬೂಸಾನಿನ ಬಂದರಿನಲ್ಲಿ ಕುಡಿದು ಬಿದ್ದಿದ್ದೆ, ಕರ್ತನು ಎತ್ತಿದನು, ಈಗ ಭಾರವೆಲ್ಲ ಇಳಿದಿದೆ ಎಂದ. ಪಾಸ್ಟರ್ ಬಾಂಗ್ ಆಮೆನ್ ಎಂದರು. ಹೊರಗಿನಿಂದ ಬಂದ ಎಳೆಯ ಪಾಸ್ಟರ್, ಅವರಿಗೇನು ಗೊತ್ತು? ಆದರೆ ಎಲ್ಲವೂ ಗೊತ್ತಿರುವ ಊರವರೂ ಆಮೆನ್ ಎಂದರು. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. ಎದ್ದದ್ದು ನನ್ನ ಕಾಲು, ನಾನಲ್ಲ. "ಭಾರ ಇಳಿಸ್ದೆ ಅಂದ್ರಲ್ಲ, ಎಲ್ಲಿ ಇಳಿಸಿದ್ರಿ? ನಮ್ಮ ಅಂಗಳದಲ್ಲಿ ತಾನೆ? ಇಪ್ಪತ್ತೆಂಟು ವರ್ಷದಿಂದ ಅದು ಅಲ್ಲೇ ಬಿದ್ದಿದೆ, ನಾವು ದಾಟಿಕೊಂಡು ಓಡಾಡ್ತಿದ್ದೀವಿ" ಎಂದೆ. ಯಾರೋ ನನ್ನ ಲಂಗ ಹಿಡಿದು ಕೂರಿಸಲು ನೋಡಿದರು. ಅಮ್ಮ ಮಾತ್ರ ಕೀರ್ತನೆಯ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮರುದಿನ ಪಾಸ್ಟರ್ ಮನೆಗೆ ಬಂದರು. ಕ್ಷಮೆ ನಮ್ಮ ಒಳ್ಳೆಯದಕ್ಕೇ, ದ್ವೇಷ ಇಟ್ಟುಕೊಂಡವರ ಹೊಟ್ಟೆಯೇ ಉರಿಯುವುದು ಎಂದೆಲ್ಲ ಮೃದುವಾಗಿ ಹೇಳಿ, ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂಬ ವಾಕ್ಯ ತೆಗೆದರು. "ಏಳೆಪ್ಪತ್ತು ಸಲ ಕ್ಷಮಿಸ್ತೀನಿ ಪಾಸ್ಟರ್, ಮೊದಲು ಅವನು ಒಂದು ಸಲ ಕೇಳಲಿ. ಕರ್ತನ ಹತ್ರ ಕೇಳಿದ್ದಾನಂತೆ, ಸಂತೋಷ. ನಮ್ಮಪ್ಪ ಟಾಕ್ ಇನ್‌ಹೋ ಅವರ ಹೆಂಡತಿ ಚರ್ಚಿನಿಂದ ಮೂರನೇ ಮನೆಯಲ್ಲಿದ್ದಾಳೆ, ಅವಳ ಹತ್ರ ಯಾಕೆ ಕೇಳಿಲ್ಲ?" ಎಂದೆ. ಆ ಪಾಪದ ಮನುಷ್ಯ ಚಹಾ ಕುಡಿಯದೆ ಎದ್ದುಹೋದರು. ಆದರೆ ನನ್ನ ಮಾತನ್ನು ಅಲ್ಲಿಗೆ ಮುಟ್ಟಿಸಿದರೆಂದು ಕಾಣುತ್ತದೆ.

ಎರಡು ದಿನ ಬಿಟ್ಟು, ನಾವು ಕೋಸು ತೊಳೆಯುತ್ತಿದ್ದ ಬೆಳಿಗ್ಗೆ, ದಾಲ್‌ಗುನ್ ಬಂದು ಬಾಗಿಲ ಹೊರಗೆ ನಿಂತ. ಒಳಗೆ ಬರಲು ಅಮ್ಮನೇ ಹೇಳಿದಳು. ಅವನು ಆ ಒದ್ದೆ ನೆಲದಲ್ಲೇ ಮಂಡಿಯೂರಿದ. ಕೋವಿಯವರು ತನ್ನ ತಾಯಿಯನ್ನು ಕಟ್ಟಿಹಾಕಿದ್ದರು, ಅಡಗಿದ ಒಬ್ಬರನ್ನು ತೋರಿಸಿದರೆ ಬಿಡುತ್ತೇವೆಂದಿದ್ದರು, ತಾನು ತೋರಿಸಿದೆ ಎಂದ. ಅದನ್ನು ನೆಪವಾಗಿ ಹೇಳುತ್ತಿಲ್ಲ ಎಂದೂ ಸೇರಿಸಿದ. ನನ್ನ ಕೈಯಲ್ಲಿ ಕೋಸಿನ ಚಾಕು ಇತ್ತು, ಅಕ್ಕಾ, ಅದನ್ನು ಕೆಳಗಿಟ್ಟೆ. ಇಟ್ಟೆನೆಂದು ನಿನಗೆ ತಿಳಿದಿರಲಿ. ಅಮ್ಮ ಒಂದೇ ಪ್ರಶ್ನೆ ಕೇಳಿದಳು: ಕೊನೆಗೆ ಇವಳಪ್ಪ ನಿನಗೇನಾದರೂ ಅಂದರಾ? ಅವನು ನೆಲಕ್ಕೆ ಕೈಯೂರಿ ತಲೆ ತಗ್ಗಿಸಿದ. ಆಮೇಲೆ, "'ನಿಮ್ಮಮ್ಮನ್ನ ಬಿಟ್ರೇನೋ?' ಅಂತ ಕೇಳಿದ್ರು" ಎಂದ.

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡ. ಅಪ್ಪನ ಮೇಲೂ ಬಂತು. ಸಾಯುವ ಮೊದಲು ನಮ್ಮ ಬಗ್ಗೆ ಕೇಳುವುದು ಬಿಟ್ಟು ಅವನ ತಾಯಿಯನ್ನು ಕೇಳುವುದೇ! ಆ ಉರಿಯಲ್ಲೇ, ಅಪ್ಪ ಕೊಟ್ಟಿಗೆಯಲ್ಲಿರುವುದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವನು ಅಮ್ಮನ ಮುಖ ನೋಡಿದ. "ಹೇಳು, ನಂಗೆ ಗೊತ್ತಿರೋದೇ" ಎಂದಳು ಅಮ್ಮ. ಹೇಳಿದ. ಸಂಜೆ ನೀನು ಬುತ್ತಿ ಹಿಡಿದು ಕೊಟ್ಟಿಗೆಯ ಕಡೆ ಹೋಗುವುದನ್ನು ನೋಡಿದನಂತೆ. ಹಿಂಬಾಲಿಸಿದನಂತೆ. ನೀನು ತಿರುಗಿ ಅವನನ್ನು ನೋಡಿದ್ದೂ ಉಂಟಂತೆ.

ನೀನು ಯಾವತ್ತೋ ಬಿಟ್ಟದ್ದು ಇದನ್ನೇ? ಬಿಟ್ಟವಳು ಒಂಬತ್ತು ವರ್ಷದಿಂದ ಊರಿಗೆ ಯಾಕೆ ಬಂದಿಲ್ಲ? ನನ್ನ ಮದುವೆಗೆ ಗಡಿಯಾರ ಬಂತು, ಅಮ್ಮನ ಅರವತ್ತಕ್ಕೆ ಕೋಟು ಬಂತು, ನೀನು ಬರಲಿಲ್ಲ. ರಜೆ ಇಲ್ಲ ಎಂದು ನಂಬಿ ನಾನು ಎಲ್ಲರಿಗೂ ನಿನ್ನ ಪರವಾಗಿ ಹೇಳುತ್ತಾ ಬಂದೆ. ಒಬ್ಬಳೇ ಇದನ್ನು ಹೊತ್ತುಕೊಂಡು ನನಗೆ ಮಾತ್ರ ಇಳಿಸು ಇಳಿಸು ಎಂದು ಬೋಧಿಸಿದೆಯಲ್ಲ, ಅದಕ್ಕೆ ನನಗೆ ಸಿಟ್ಟು. ನಾನು ತಂಗಿ. ಅರ್ಧ ನನಗೆ ಕೊಡಬಹುದಿತ್ತು.

ನಿನ್ನೆ ಅವನು ಮತ್ತೆ ಚರ್ಚಿನಲ್ಲಿ ಎದ್ದು, ಈ ಸಲ ಅಪ್ಪನ ಹೆಸರು ಹೇಳಿದ. ಟಾಕ್ ಇನ್‌ಹೋ ಎಂದು, ಎಲ್ಲರಿಗೂ ಕೇಳುವಂತೆ. ತಾನು ಮಾಡಿದ್ದನ್ನೂ ಹೇಳಿದ. ಪಾಸ್ಟರ್ ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎಂದು ಸುಮ್ಮನಾದ ಮೇಲೆ ಒಂದು ಆಮೆನ್ ತಡವಾಗಿ ಕೇಳಿಸಿತು, ಅದು ನನ್ನದು. ಕ್ಷಮಿಸಿದೆನೋ ಇಲ್ಲವೋ ನನಗೆ ತಿಳಿಯದು. ಈ ಬೆಳಗಿನ ಜಾವದ ಪ್ರಾರ್ಥನೆಯಲ್ಲೂ ಕರ್ತನೊಂದಿಗೆ ಜಗಳವಾಡಿ ಬಂದೆ. ಆದರೆ ಮೊದಲ ಸಲ, ಜಗಳಕ್ಕೆ ಮಾತು ಸಾಲದೆ ಹೋಯಿತು.

ಸೊಂಟ ಜೋಪಾನ. ಚಳಿಗೆ ಎರಡು ಕಾಲುಚೀಲ ಹಾಕಿಕೋ. ಬೈದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೂ ದೇವರು ನಿನ್ನ ಜೊತೆಗಿರಲಿ.

ನಿನ್ನ ತಂಗಿ,
ಕುಮ್ರೆ

ಮರೆತೇಬಿಟ್ಟಿದ್ದೆ, ಟಪಾಲಿನ ದೋಣಿ ಹೊರಡುವ ಹೊತ್ತಾಯಿತು. ಅಮ್ಮ ಮೊದಲ ಸಾಲಿನಲ್ಲೇ ಬರೆ ಎಂದದ್ದು ಇದು. ಆ ಸಂಜೆ ನೀನು ಭಯವಾಗುತ್ತದೆ, ಹೋಗುವುದಿಲ್ಲ ಎಂದು ಅಳುತ್ತಿದ್ದೆಯಂತೆ. ಗದರಿಸಿ ಕಳಿಸಿದವಳು ಅಮ್ಮನೇ. "ಯೋನ್‌ಶಿಲ್ ನನ್ನ ಕ್ಷಮಿಸಿಲ್ವಾ, ಅದಕ್ಕೇ ಬರ್ತಿಲ್ವಾ, ಕೇಳಿ ಬರಿ" ಎನ್ನುತ್ತಿದ್ದಾಳೆ. ಇದಕ್ಕೆ ಕಾರ್ಡಿನಲ್ಲಿ ಉತ್ತರ ಬರೆಯಬೇಡ. ಬಂದು ಹೇಳು.